ಮೆಚ್ಚಿದ ಹಾಡಿಗೊಂದು ಅಂಚೆ ಕಾರ್ಡು

ನೋಡಿ ಬಂದ ಸಿನಿಮಾದ ಹಾಡೊಂದು ನಾಲ್ಕು ದಿನ ನಾಲಿಗೆಯ ಮೇಲೆ ಕುಳಿತುಬಿಟ್ಟರೆ ಅದರಿಂದ ಯಾರಿಗೂ ನಷ್ಟವಿಲ್ಲ. ಹೆಚ್ಚೆಂದರೆ ಮನೆಯ ಹಿರಿಯರು ಗದರಿಯಾರು. ಆದರೆ ಜನ ಎಂತಹ ಹಾಡನ್ನು ಗುನುಗಬೇಕು ಎಂಬುದು ಕೇಂದ್ರ ಸರ್ಕಾರದ ಚಿಂತೆಯಾಗಿದ್ದ ಕಾಲವೂ ನಮ್ಮ ದೇಶದಲ್ಲಿ ಒಂದಿತ್ತು. ಆ ಚಿಂತೆಗೆ ಜನ ಕೊಟ್ಟ ಉತ್ತರ ಅಂಚೆ ಕಾರ್ಡುಗಳ ಮೇಲೆ ಬಂತು. ಉತ್ತರ ಹೋದದ್ದು ಮಾತ್ರ ಸರ್ಕಾರಕ್ಕಲ್ಲ, ಸಮುದ್ರದಾಚೆಯ ಒಂದು ರೇಡಿಯೋ ಕೇಂದ್ರದ ಕಾರ್ಯಕ್ರಮಕ್ಕೆ.

1952ರಲ್ಲಿ ಡಾ. ಬಿ.ವಿ. ಕೇಸ್ಕರ್ ವಾರ್ತಾ ಮತ್ತು ಪ್ರಸಾರ ಖಾತೆಯ ಸಚಿವರಾದರು. ಪ್ಯಾರಿಸ್ಸಿನಲ್ಲಿ ಓದಿದವರು, ಹಿಂದೂಸ್ತಾನಿ ಸಂಗೀತವನ್ನು ಅಭ್ಯಾಸ ಮಾಡಿದವರು. ಸಿನಿಮಾ ಹಾಡುಗಳು ಅಗ್ಗದ ಸರಕು, ಪಶ್ಚಿಮದ ವಾದ್ಯಗಳ ಅನುಕರಣೆ, ಎಳೆಯರ ಕಿವಿಯನ್ನು ಕೆಡಿಸುವಂಥವು ಎಂಬುದು ಅವರ ಖಚಿತ ಅಭಿಪ್ರಾಯ. ಆಕಾಶವಾಣಿಯಲ್ಲಿ ಅವುಗಳ ಪಾಲನ್ನು ಶೇಕಡ ಹತ್ತಕ್ಕೆ ಇಳಿಸಬೇಕು, ಪ್ರಸಾರವಾಗುವ ಹಾಡುಗಳನ್ನು ಮೊದಲೇ ಸೋಸಬೇಕು ಎಂದು ತೀರ್ಮಾನವಾಯಿತು. ಇದರ ಜೊತೆಗೆ ಹಾಡು ಯಾವ ಚಿತ್ರದ್ದೆಂದು ಹೇಳಕೂಡದು ಎಂಬ ನಿಯಮವೂ ಬಂತು. ಚಿತ್ರದ ಹೆಸರು ಹೇಳಿದರೆ ಅದು ಜಾಹೀರಾತು ಆಗುತ್ತದಂತೆ! ನಿರ್ಮಾಪಕರು ಕೆರಳಿದರು. ಪ್ರಸಾರಕ್ಕೆ ಕೊಟ್ಟಿದ್ದ ಅನುಮತಿಯನ್ನು ಹಿಂದಕ್ಕೆ ಪಡೆದರು. ಕೆಲವೇ ತಿಂಗಳಲ್ಲಿ ಸಿನಿಮಾ ಹಾಡು ಆಕಾಶವಾಣಿಯಿಂದ ಹೆಚ್ಚು ಕಡಿಮೆ ಮಾಯವಾಯಿತು.

ಕೇಸ್ಕರ್ ಅವರನ್ನು ಬರೀ ಮಡಿವಂತರೆಂದು ತಳ್ಳಿಹಾಕುವುದು ಸುಲಭ. ಅದು ನ್ಯಾಯವಲ್ಲ. ಸಂಸ್ಥಾನಗಳು ವಿಲೀನವಾಗಿ ಅರಮನೆಗಳ ಆಶ್ರಯ ಕಳಚಿಹೋದ ದಿನಗಳವು. ಇನ್ನು ಮುಂದೆ ಸಂಗೀತಗಾರನಿಗೆ ರೇಡಿಯೋ ಅರಮನೆಯಾಗಬೇಕು ಎಂದು ಅವರು ಬಗೆದರು. ಮೈಸೂರಿನ ಆಸ್ಥಾನ ವಿದ್ವಾಂಸರ ಪರಂಪರೆಯನ್ನು ಬಲ್ಲವರಿಗೆ ಈ ಯೋಚನೆಯ ತೂಕ ತಿಳಿದೀತು. ಶಾಸ್ತ್ರೀಯ ಸಂಗೀತದ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾದದ್ದೂ ಅದೇ 1952ರಲ್ಲಿ. ಅಲ್ಲಿಯವರೆಗೆ ಕಛೇರಿಯ ಬಾಗಿಲು ಕಾಣದಿದ್ದವರ ಮನೆಗೂ ದೊಡ್ಡ ದೊಡ್ಡ ಗಾಯಕರ ದನಿ ಬಂತು. ಎಡವಟ್ಟಾದದ್ದು ಬೇರೆ ಕಡೆ. ಒಂದನ್ನು ಬಡಿಸುವುದಕ್ಕಾಗಿ ಇನ್ನೊಂದನ್ನು ಎಲೆಯಿಂದ ತೆಗೆಯಬೇಕೆಂದು ಅವರು ತಿಳಿದರು. ಕೇಳುವವನ ಕೈಯಲ್ಲಿ ಒಂದು ತಿರುಗಣೆ ಇರುತ್ತದೆ ಎಂಬುದು ಲೆಕ್ಕಕ್ಕೆ ಬರಲಿಲ್ಲ.

ಆ ತಿರುಗಣೆ ತಿರುಗಿದ್ದು ಸಿಲೋನಿನ ಕಡೆಗೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮಿತ್ರರಾಷ್ಟ್ರಗಳ ಸೇನೆ ತನ್ನ ಸೈನಿಕರಿಗಾಗಿ ಕೊಲಂಬೊದಲ್ಲಿ ರೇಡಿಯೋ ಕೇಂದ್ರ ನಡೆಸಿತ್ತು. ಅದರ ಬಲಶಾಲಿ ಪ್ರೇಷಕ ಯುದ್ಧ ಮುಗಿದ ಮೇಲೆ ರೇಡಿಯೋ ಸಿಲೋನಿನ ಪಾಲಾಯಿತು. ಪುಟ್ಟ ದ್ವೀಪಕ್ಕೆ ಅಷ್ಟು ದೊಡ್ಡ ಗಂಟಲು ಬೇಕಿರಲಿಲ್ಲ. ಆದರೆ ಶಾರ್ಟ್‌ವೇವ್ ಅಲೆಗಳು ಆಕಾಶದ ಮೇಲ್ಪದರಕ್ಕೆ ತಾಗಿ, ಪುಟಿದು, ಸಾವಿರಾರು ಮೈಲಿ ದೂರದಲ್ಲಿ ಇಳಿಯುತ್ತವೆ. ಕೊಲಂಬೊದಲ್ಲಿ ಹಚ್ಚಿದ ತಟ್ಟೆ ಮಂಗಳೂರಿಗೂ ಕೇಳಿಸುತ್ತಿತ್ತು, ಬಿಹಾರಕ್ಕೂ ಕೇಳಿಸುತ್ತಿತ್ತು. ದನಿ ಒಮ್ಮೆ ಉಬ್ಬಿ ಒಮ್ಮೆ ಕುಗ್ಗಿ ಅಲೆಯಂತೆ ತೇಲುತ್ತಿತ್ತು ಎಂಬುದು ನಿಜ. ಹಾಡಿನ ಅರ್ಧ ಸಾಲು ಗೊರಗೊರ ಸದ್ದಿನಲ್ಲಿ ಮುಳುಗಿದರೂ ಕಿವಿ ಅದನ್ನು ತುಂಬಿಕೊಳ್ಳುತ್ತಿತ್ತು. 1950ರಲ್ಲಿ ಆರಂಭವಾಗಿದ್ದ ಅಲ್ಲಿನ ವಾಣಿಜ್ಯ ವಿಭಾಗಕ್ಕೆ ನಮ್ಮ ಸರ್ಕಾರದ ತೀರ್ಮಾನ ಕರೆಯದೆ ಬಂದ ಭಾಗ್ಯವಾಯಿತು. ಹತ್ತು ಮನೆಗಳಲ್ಲಿ ವಿಚಾರಿಸಿದರೆ ಒಂಬತ್ತು ಮನೆಯವರು ಸಿಲೋನ್ ಕೇಳುತ್ತಿದ್ದರು, ಹತ್ತನೆಯವರ ರೇಡಿಯೋ ಕೆಟ್ಟಿತ್ತು ಎಂಬ ಮಾತು ಆಗ ಚಲಾವಣೆಯಲ್ಲಿತ್ತು.

1952ರ ಡಿಸೆಂಬರ್ 3, ಬುಧವಾರ. ಬಿನಾಕಾ ಟೂತ್‌ಪೇಸ್ಟ್ ತಯಾರಕರ ಪ್ರಾಯೋಜಕತ್ವದಲ್ಲಿ ಅರ್ಧ ಗಂಟೆಯ ಹೊಸ ಕಾರ್ಯಕ್ರಮವೊಂದು ಬಿತ್ತರವಾಯಿತು. ಅದೇ ‘ಬಿನಾಕಾ ಗೀತ್‌ಮಾಲಾ’. ಮುಂಬಯಿಯಲ್ಲಿ ಮುದ್ರಿಸಿದ ಟೇಪು ವಿಮಾನದಲ್ಲಿ ಕೊಲಂಬೊಗೆ ಹೋಗಿ, ಅಲ್ಲಿಂದ ಅಲೆಯೇರಿ ಮತ್ತೆ ಭಾರತಕ್ಕೇ ಬರುತ್ತಿತ್ತು. ನಿರೂಪಕ ಅಮೀನ್ ಸಯಾನಿಗೆ ಇನ್ನೂ 20 ತುಂಬಿರಲಿಲ್ಲ. ಸಂಬಳ ವಾರಕ್ಕೆ 25 ರೂಪಾಯಿ. ಆ ದುಡ್ಡಿಗೆ ಬರಹ, ನಿರೂಪಣೆ, ಬಂದ ಕಾಗದಗಳ ಪರಿಶೀಲನೆ ಎಲ್ಲವನ್ನೂ ಮಾಡಲು ಅನುಭವಿಗಳು ಯಾರೂ ಒಪ್ಪದ ಕಾರಣ ಕೆಲಸ ಹುಡುಗನಿಗೆ ಬಂದಿತ್ತು. ಏಳು ಹಾಡು ಹಾಕುವುದು. ಅವನ್ನು ಸರಿಯಾದ ಕ್ರಮದಲ್ಲಿ ಜೋಡಿಸಿ ಬರೆದವರಿಗೆ 100 ರೂಪಾಯಿ ಬಹುಮಾನ. ಮೊದಲ ವಾರವೇ 9,000 ಕಾಗದಗಳು ಬಂದವು, ಮುಂದೆ ಅದು ವಾರಕ್ಕೆ 65,000ಕ್ಕೆ ಏರಿತು ಎಂದು ಸಯಾನಿ ಹೇಳಿಕೊಂಡಿದ್ದಾರೆ. ಸಹೋದರಿಯರನ್ನು ಮೊದಲು, ಸಹೋದರರನ್ನು ಆಮೇಲೆ ಕರೆಯುವ ಅವರ ಸಂಬೋಧನೆ ಊರೂರಿನ ಹುಡುಗರ ಅಣಕಕ್ಕೆ ವಸ್ತುವಾಯಿತು. ಹಾಡಿಗೆ ಚಿತ್ರದ ಹೆಸರೂ ಸಂಗೀತ ನಿರ್ದೇಶಕನ ಹೆಸರೂ ಗೌರವದಿಂದ ಸೇರಿ ಬರುತ್ತಿದ್ದವು. ದೆಹಲಿಯವರು ಕೊಡಲೊಲ್ಲದ ಮರ್ಯಾದೆ ಅದು.

ಇಲ್ಲಿಂದ ಮುಂದಿನ ಕಥೆಯೇ ನನಗೆ ಹೆಚ್ಚು ಸ್ವಾರಸ್ಯವಾಗಿ ಕಾಣುತ್ತದೆ. ಅಷ್ಟು ಕಾಗದಗಳನ್ನು ವಿಂಗಡಿಸುವುದು ಮನುಷ್ಯಮಾತ್ರರ ಕೈಯಲ್ಲಿ ಆಗದ ಕೆಲಸ. ಹಾಗಾಗಿ 1954ರಲ್ಲಿ ಸ್ಪರ್ಧೆ ಹೋಗಿ, ಜನಪ್ರಿಯತೆಯ ಪ್ರಕಾರ ಮೆಟ್ಟಿಲು ಮೆಟ್ಟಿಲಾಗಿ ಹಾಡು ಏರುವ ಕ್ರಮ ಬಂತು. ಜನಪ್ರಿಯತೆಯನ್ನು ಅಳೆಯುವುದು ಹೇಗೆ? ಅಂಗಡಿಗಳಲ್ಲಿ ಎಷ್ಟು ಗ್ರಾಮಫೋನ್ ತಟ್ಟೆಗಳು ಮಾರಿದವು ಎಂದು ಕೇಳುವುದು. ಇದು ಖಚಿತ ಲೆಕ್ಕ ಎನ್ನಿಸಿತು. ಆದರೆ ತಟ್ಟೆ ಕೊಳ್ಳುವ ಶಕ್ತಿ ಇದ್ದವರೆಷ್ಟು ಮಂದಿ? ಹೋಟೆಲಿನ ರೇಡಿಯೋ ಮುಂದೆ ಒಂದು ಲೋಟ ಚಹಾ ಇಟ್ಟುಕೊಂಡು ಕೇಳಿದವನ ಮೆಚ್ಚುಗೆ ಯಾವ ಅಂಗಡಿಯ ಪುಸ್ತಕದಲ್ಲೂ ದಾಖಲಾಗುವುದಿಲ್ಲ. ಮೇಲಾಗಿ, ಪಟ್ಟಿಗೆ ಬೆಲೆ ಬಂದ ಕೂಡಲೇ ತಮ್ಮ ಚಿತ್ರದ ತಟ್ಟೆಗಳನ್ನು ತಾವೇ ಕೊಂಡು ಹಾಡನ್ನು ಮೇಲೇರಿಸುವ ಚಾಲಾಕಿಗಳೂ ಹುಟ್ಟಿಕೊಂಡರು. ಇದಕ್ಕೆ ಮದ್ದಾಗಿ ಊರೂರುಗಳ ಶ್ರೋತೃ ಸಂಘಗಳ ಅಭಿಪ್ರಾಯವನ್ನೂ ಮಾರಾಟದ ಜೊತೆಗೆ ಸೇರಿಸಿಕೊಳ್ಳಬೇಕಾಯಿತು. ಇಂದು ಹಾಡೊಂದನ್ನು ಎಷ್ಟು ಕೋಟಿ ಸಲ ನೋಡಿದ್ದಾರೆ ಎಂದು ಮೊಬೈಲಿನಲ್ಲಿ ಅಂಕಿ ತೋರಿಸುವವರಿಗೂ ಇದೇ ತಲೆನೋವು.

1953ರ ವರ್ಷಾಂತ್ಯದ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆದದ್ದು ‘ಅನಾರ್ಕಲಿ’ ಚಿತ್ರಕ್ಕೆ ಸಿ. ರಾಮಚಂದ್ರ ಸಂಯೋಜಿಸಿ ಲತಾ ಮಂಗೇಶ್ಕರ್ ಹಾಡಿದ ಗೀತೆ. ನಮ್ಮ ಕಡೆ ಹಿಂದಿ ಬಾರದವರೂ ಇಂತಹ ಹಾಡುಗಳನ್ನು ಕಲಿತರು. ಮಾತು ತಪ್ಪಿದರೂ ಧಾಟಿ ತಪ್ಪುತ್ತಿರಲಿಲ್ಲ. ಕನ್ನಡ ಚಿತ್ರಗಳು ವರ್ಷಕ್ಕೆ ಬೆರಳೆಣಿಕೆಯಷ್ಟು ಬರುತ್ತಿದ್ದ ಕಾಲ. ಅವುಗಳಲ್ಲೂ ಹಿಂದಿಯ ಧಾಟಿಗೆ ಕನ್ನಡ ಮಾತು ಕೂರಿಸುವ ಪದ್ಧತಿ ಇತ್ತು. ಚಿತ್ರಮಂದಿರದಲ್ಲಿ ಕೊಂಡ ಹಾಡಿನ ಪುಸ್ತಕವೇ ಆಗ ಅಭಿಮಾನಿಗೆ ಆಧಾರ. ಕಥೆಯನ್ನು ಅರ್ಧ ಹೇಳಿ, ಉಳಿದದ್ದನ್ನು ಬೆಳ್ಳಿತೆರೆಯ ಮೇಲೆ ನೋಡಿ ಎಂದು ಕೈಬಿಡುವ ಆ ತೆಳು ಪುಸ್ತಕಗಳು ಹಳಬರ ಪೆಟ್ಟಿಗೆಯಲ್ಲಿ ಇನ್ನೂ ಸಿಕ್ಕಾವು.

ಸಿನಿಮಾ ಹಾಡಿಗೆ ಬದಲಿಯಾಗಿ ಆಕಾಶವಾಣಿ ತನ್ನ ಕೇಂದ್ರಗಳಲ್ಲಿ ಲಘು ಸಂಗೀತದ ವಿಭಾಗಗಳನ್ನು ತೆರೆಯಿತು. ಕವಿಗಳ ರಚನೆಗೆ ಹಗುರವಾದ ರಾಗ ಸಂಯೋಜನೆ, ಸಣ್ಣ ವಾದ್ಯಮೇಳ. ಚಿತ್ರಗೀತೆಯನ್ನು ಸೋಲಿಸಲು ಇದರಿಂದ ಆಗಲಿಲ್ಲ. ಆದರೆ ಕನ್ನಡಕ್ಕೆ ಮಾತ್ರ ಲಾಭವೇ ಆಯಿತು. ಪಿ. ಕಾಳಿಂಗರಾಯರಂಥವರು ಅದಕ್ಕೆ ಮೊದಲೇ ಕವಿತೆಗಳನ್ನು ವೇದಿಕೆಯ ಮೇಲೆ ಹಾಡಿ ಜನರನ್ನು ಒಲಿಸಿಕೊಂಡಿದ್ದರು. 1950ರಲ್ಲಿ ಧಾರವಾಡದಲ್ಲಿ, 1955ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕೇಂದ್ರಗಳಿಂದ ಸುಗಮ ಸಂಗೀತಕ್ಕೆ ಒಂದು ನೆಲೆ ದೊರೆಯಿತು. ಸಚಿವರು ಎಣಿಸಿದ್ದೇ ಒಂದು, ಇಲ್ಲಿ ಬೆಳೆದದ್ದೇ ಇನ್ನೊಂದು.

ಕೊನೆಗೆ ಸೋತದ್ದು ದೆಹಲಿ. 1957ರ ಅಕ್ಟೋಬರ್ 3ರಂದು ‘ವಿವಿಧ ಭಾರತಿ’ ಆರಂಭವಾಯಿತು. ಸಿನಿಮಾ ಹಾಡುಗಳು ಮುಂಬಾಗಿಲಿನಿಂದಲೇ ಮರಳಿ ಬಂದವು. ಆಗಲೂ ಸಚಿವರು ಕೇಸ್ಕರ್ ಅವರೇ! 1967ರಲ್ಲಿ ಅಲ್ಲಿ ಜಾಹೀರಾತಿಗೂ ಅವಕಾಶವಾಯಿತು. ಗೀತ್‌ಮಾಲಾ ಕೂಡ 1989ರಲ್ಲಿ ಸಿಲೋನನ್ನು ಬಿಟ್ಟು ವಿವಿಧ ಭಾರತಿಗೆ ಬಂದು, 1994ರವರೆಗೆ ನಡೆಯಿತು. ಸಯಾನಿ 2024ರ ಫೆಬ್ರವರಿಯಲ್ಲಿ, 91ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಕೋರಿಕೆಯ ಕಾರ್ಡುಗಳು ಮಾತ್ರ ಪಟ್ಟಿಗಳ ಹಂಗಿಲ್ಲದೆ ಬರುತ್ತಲೇ ಇದ್ದವು. ಕನ್ನಡದ ಕೋರಿಕೆ ಕಾರ್ಯಕ್ರಮಗಳನ್ನು ಕೇಳಿದವರಿಗೆ ಗೊತ್ತು: ಮೂರು ನಿಮಿಷದ ಹಾಡಿಗೆ ಮೊದಲು ಅಪ್ಪ, ಅಮ್ಮ, ಅತ್ತೆ, ತೊಟ್ಟಿಲ ಕೂಸಿನವರೆಗೆ ಇಡೀ ಮನೆಯ ಹೆಸರು. ಕೇಳಿ ಕೇಳಿ ಬೇಸರ ಬರುತ್ತಿತ್ತು ನಿಜ. ಆದರೆ ಪತ್ರಿಕೆಯ ವಿಮರ್ಶಕನಿಗೆ ಅಂಕಣವಿತ್ತು, ಸಚಿವರಿಗೆ ಕಡತವಿತ್ತು. ತನಗೆ ಈ ಹಾಡು ಇಷ್ಟ ಎಂದು ನಾಲ್ಕು ಜನರೆದುರು ಹೇಳಲು ಸಾಮಾನ್ಯನಿಗೆ ಇದ್ದದ್ದು ಅದೊಂದೇ ದಾರಿ. ಹಿಂದಿ ಕೋರಿಕೆಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕೇಳಿಬರುತ್ತಿದ್ದ ಊರು ಝುಮ್ರಿ ತಲೈಯಾ. ಹೆಸರಿನ ತಮಾಷೆ ಕೇಳಿ, ಇದು ನಿರೂಪಕರು ಕಟ್ಟಿದ ಊರಿರಬೇಕು ಎಂದು ನಂಬಿದವರು ಬಹಳ ಮಂದಿ. ಕಟ್ಟುಕಥೆಯಲ್ಲ. ಅಭ್ರಕದ ಗಣಿಗಳ ನಡುವೆ ಬೆಳೆದ ಪಟ್ಟಣ ಅದು. ಆಗ ಬಿಹಾರದಲ್ಲಿತ್ತು, ಈಗ ಝಾರ್ಖಂಡಿಗೆ ಸೇರಿದೆ. ರೈಲಿನಲ್ಲಿ ಹೋಗುವವರು ಕೋಡರ್ಮಾ ನಿಲ್ದಾಣದಲ್ಲಿ ಇಳಿಯಬೇಕು.