ಗೋಡೆಗೆ ಹೆಸರುಂಟು, ದೋಣಿಯವನಿಗಿಲ್ಲ

ಚಿತ್ರ ನೋಡೋದು ಹೊಟ್ಟೆ ತುಂಬಿದವರ ಕೆಲಸ ಅಂತ ನಮ್ಮ ಗೆಳೆಯರೇ ಕೆಲವರು ಹೇಳುವುದುಂಟು. ನಾವು ಒಪ್ಪುವುದಿಲ್ಲ. ಚಿತ್ರವನ್ನೂ ದುಡಿಯುವವರ ಕಣ್ಣಿಂದ ಓದಬೇಕು. ಜೇಮ್ಸ್ ವಿಸ್ಲರ್ 1859ರಲ್ಲಿ ಮಾಡಿದ 'ಬ್ಲ್ಯಾಕ್ ಲಯನ್ ವಾರ್ಫ್' ಎಂಬ ಎಚಿಂಗನ್ನೇ ತೆಗೆದುಕೊಳ್ಳೋಣ.

ತಾಮ್ರದ ತಗಡಿಗೆ ಮೇಣ ಸವರಿ, ಸೂಜಿಯಲ್ಲಿ ಗೆರೆ ಎಳೆದು, ಆಸಿಡ್ಡಿನಲ್ಲಿ ಅದ್ದುತ್ತಾರೆ. ಮೇಣ ಹೋದ ಕಡೆ ಆಸಿಡ್ ತಾಮ್ರವನ್ನು ತಿನ್ನುತ್ತದೆ. ಆ ಗೆರೆಗಳಿಗೆ ಮಸಿ ತುಂಬಿ ಒದ್ದೆ ಕಾಗದದ ಮೇಲೆ ಒತ್ತುತ್ತಾರೆ. ಅಮೆರಿಕದವನಾದ ವಿಸ್ಲರ್ ಈ ಕಸುಬು ಕಲಿತದ್ದು 1854-55ರಲ್ಲಿ, ಅಲ್ಲಿನ ಸರ್ಕಾರದ ಕರಾವಳಿ ಸರ್ವೆ ಕಛೇರಿಯಲ್ಲಿ, ನಕ್ಷೆ ಕೊರೆಯುತ್ತ.

ಚಿತ್ರ ಸುಮಾರು ಒಂದು ಗೇಣು ಅಗಲ. ಲಂಡನ್ನಿನ ಥೇಮ್ಸ್ ನದಿ, ವಾಪಿಂಗ್ ದಡ. ಹಿಂದಿನ ವರ್ಷವಷ್ಟೇ, 1858ರ ಬೇಸಿಗೆಯಲ್ಲಿ, ಇದೇ ನದಿಯ ಹೊಲಸು ನಾತಕ್ಕೆ ಪಾರ್ಲಿಮೆಂಟಿನವರು ಮೂಗು ಮುಚ್ಚಿಕೊಂಡಿದ್ದರು. ಆ ನಾತದಲ್ಲೇ ದಿನಾ ದುಡಿದವರ ಮೂಗಿನ ಮಾತು ಯಾರು ಕೇಳಿದರು?

ಆಚೆ ದಡದಲ್ಲಿ ಗೋದಾಮುಗಳು, ಹಾಯಿಕಂಬಗಳು, ದೋಣಿಗಳು. ಹಲಗೆ ಹಲಗೆಯೂ ಎಣಿಸುವಷ್ಟು ಸ್ಪಷ್ಟ. ಗೋಡೆ ಮೇಲಿನ ಹೆಸರುಗಳನ್ನೂ ಓದಬಹುದು. ಈಚೆ, ನಮ್ಮೆದುರಿಗೇ, ಸರಕಿನ ದೋಣಿಯಲ್ಲಿ ಒಬ್ಬ ಆಳು ಕೂತಿದಾನೆ. ಅವನಿಗೆ ನಾಲ್ಕೇ ಗೆರೆ, ಹೆಸರಿಲ್ಲ. ಆದರೂ ಮೊದಲು ಕಣ್ಣಿಗೆ ಬೀಳೋನು ಅವನೇ. ಮಾಲೀಕರ ಗೋದಾಮನ್ನು ಹಿಂದಕ್ಕೆ ತಳ್ಳಿ ಆಳನ್ನು ಮುಂದೆ ಕೂರಿಸಿದ್ದೇ ಈ ಚಿತ್ರದ ದೊಡ್ಡಸ್ತಿಕೆ.

ಆದರೆ ಚಿತ್ರ ಅಲ್ಲಿಗೇ ನಿಲ್ಲುತ್ತದೆ. ಬೆಳಗಾದರೆ ಡಾಕ್ ಬಾಗಿಲಲ್ಲಿ ಕೂಲಿಗಾಗಿ ನೂಕಾಡಿಕೊಂಡು ನಿಲ್ಲುತ್ತಿದ್ದವರು ಇದರಲ್ಲಿಲ್ಲ. ಅವರನ್ನು ಕಾಣಬೇಕಾದರೆ ಇನ್ನೂ 30 ವರ್ಷ ಮುಂದಕ್ಕೆ ಹೋಗಬೇಕು. 1889ರ ಆಗಸ್ಟಿನಲ್ಲಿ ಲಂಡನ್ನಿನ ಹಡಗುಕಟ್ಟೆ ಹಮಾಲರು ಕೆಲಸ ನಿಲ್ಲಿಸಿದರು. ಗಂಟೆಗೆ 5 ಪೆನ್ಸ್ ಇದ್ದ ಕೂಲಿ 6 ಆಗಬೇಕು ಎಂದರು. ದೋಣಿ ಆಳುಗಳೂ ಜೊತೆ ಸೇರಿದರು. ಆಸ್ಟ್ರೇಲಿಯಾದಿಂದ 30,000 ಪೌಂಡಿಗೂ ಹೆಚ್ಚು ನೆರವಿನ ಹಣ ಬಂತು. ಸುಮಾರು ಐದು ವಾರದಲ್ಲಿ ಮಾಲೀಕರು ಬಗ್ಗಿದರು. ಒಂದು ಪೆನ್ನಿಗಾಗಿ ಇಡೀ ನದಿಯನ್ನೇ ನಿಲ್ಲಿಸಿದ್ದರು!

ಎಚಿಂಗಿನ ಪಾಡೇನಾಯ್ತು? 1871ರಲ್ಲಿ ವಿಸ್ಲರ್ ತನ್ನ ತಾಯಿಯ ಪ್ರಸಿದ್ಧ ಚಿತ್ರ ಬರೆದಾಗ ಹಿಂದಿನ ಗೋಡೆ ಮೇಲೆ ಇದನ್ನೇ ತೂಗುಹಾಕಿದ. ವಾಪಿಂಗಿನ ಲಂಡನ್ ಡಾಕ್ಸ್ 1969ರಲ್ಲಿ ಮುಚ್ಚಿತು. ಆ ದಡದ ಹಳೇ ಗೋದಾಮುಗಳು ಈಗ ಸಿರಿವಂತರ ಮನೆಗಳು. ಹೊರೆ ಹೊತ್ತವರ ಮೊಮ್ಮಕ್ಕಳಿಗೆ ಅಲ್ಲಿ ಬಾಡಿಗೆ ಕೊಡೋದೂ ಕಷ್ಟ.

ಮೇಷ್ಟ್ರುಗಳೇ, ಮಕ್ಕಳಿಗೆ ಯಾವ ಊರಿನ ಹಳೇ ಚಿತ್ರ ತೋರಿಸಿದರೂ, ಎಷ್ಟು ಚೆಂದ ಎನ್ನುವುದರ ಜೊತೆಗೆ ಇನ್ನೊಂದು ಮಾತು ಕೇಳಿ: ಇದರಲ್ಲಿ ಹೊರೆ ಹೊತ್ತವರು ಯಾರು, ಅವರ ಹೆಸರೆಲ್ಲಿ?