ಗ್ರಾಮಫೋನ್ ಪ್ಲೇಟಿನ ಪಾಠಶೋಧನೆ

ಓಲೆಗರಿಯ ಕಟ್ಟೊಂದನ್ನು ಹುಳು ತಿಂದಿತೆಂದರೆ ನಾವು ಮರುಗುತ್ತೇವೆ. ಗ್ರಾಮಫೋನ್ ಪ್ಲೇಟೂ ಒಂದು ಪ್ರತಿಯೇ, ಅದಕ್ಕೂ ಪಾಠಶೋಧನೆ ಬೇಕು ಎಂದರೆ ಹಲವರು ನಕ್ಕಾರು. ಅದೂ ಹಳೆಯ ವಿದ್ವಾಂಸರ ಗಾಯನವಲ್ಲ, ಇಂಗ್ಲೆಂಡಿನ ತರುಣನೊಬ್ಬ ವಿದ್ಯುದ್ವಾದ್ಯದಿಂದ ಹೊರಡಿಸಿದ ಸದ್ದು ಎಂದರೆ ನಗು ಇನ್ನಷ್ಟು ಹೆಚ್ಚೀತು. ನಗುವ ಮುನ್ನ ಆ ಪ್ಲೇಟಿನ ಕಥೆಯನ್ನು ಓದುಗರು ಕೇಳಬೇಕು.

1977ರ ಸುಮಾರಿಗೆ ಇಂಗ್ಲೆಂಡಿನಲ್ಲಿ ದೊಡ್ಡ ಕಂಪೆನಿಗಳ ಹಂಗಿಲ್ಲದೆ ತಾವೇ ಪ್ಲೇಟು ಹೊರಡಿಸುವ ಹುಮ್ಮಸ್ಸು ಹಬ್ಬಿತು. ‘ಡೆಸ್ಪರೇಟ್ ಬೈಸಿಕಲ್ಸ್’ ಎಂಬ ತಂಡದವರು ತಮ್ಮ ಮೊದಲ ಪ್ಲೇಟಿಗೆ ತಗಲಿದ್ದು 153 ಪೌಂಡು ಮಾತ್ರ, ನೀವೂ ಮಾಡಿನೋಡಿ ಎಂದು ಸಾರಿದರು. ಈ ಮಾತಿನಿಂದ ಧೈರ್ಯ ತಳೆದವರಲ್ಲಿ ಲಂಡನ್ನಿನ ಡೇನಿಯಲ್ ಮಿಲ್ಲರ್ ಒಬ್ಬ. ಹಳೆಯದೊಂದು ಕೋರ್ಗ್ ಸಿಂಥಸೈಸರನ್ನು ಕೊಂಡು, ನಾಲ್ಕು ಪಟ್ಟಿಯ ಟೇಪ್ ರೆಕಾರ್ಡರಿನಲ್ಲಿ ಮನೆಯಲ್ಲೇ ಎರಡು ಹಾಡುಗಳನ್ನು ಮುದ್ರಿಸಿದ. 1978ರಲ್ಲಿ ‘ದಿ ನಾರ್ಮಲ್’ ಎಂಬ ಹೆಸರಿನಲ್ಲಿ ಅವು ಏಳಂಗುಲದ ಪ್ಲೇಟಾಗಿ ಬಂದುವು. ಒಂದು ಬದಿಗೆ ‘ಟಿ.ವಿ.ಓ.ಡಿ.’, ಇನ್ನೊಂದು ಬದಿಗೆ ಬ್ಯಾಲರ್ಡನ ‘ಕ್ರ್ಯಾಶ್’ ಕಾದಂಬರಿಯಿಂದ ಪ್ರೇರಿತವಾದ ‘ವಾರ್ಮ್ ಲೆದರೆಟ್’. ಇದಕ್ಕಾಗಿ ಹುಟ್ಟಿದ ‘ಮ್ಯೂಟ್’ ಸಂಸ್ಥೆ ಮುಂದೆ ಹೆಮ್ಮರವಾಗಿ ಬೆಳೆದುದರಿಂದ ಈ ಹಾಡುಗಳು ಉಳಿದುವು. ಅದೇ ಹುಮ್ಮಸ್ಸಿನಲ್ಲಿ ಕೆಲವೇ ನೂರು ಪ್ರತಿಗಳಾಗಿ ಹುಟ್ಟಿದ ಪ್ಲೇಟುಗಳಿಗೆಲ್ಲ ಈ ಅದೃಷ್ಟವಿರಲಿಲ್ಲ. ಮೂಲ ಟೇಪು ದೊಡ್ಡವರಲ್ಲಿಯೂ ಕ್ಷೇಮವೆನ್ನುವಂತಿಲ್ಲ. 2008ರಲ್ಲಿ ಹಾಲಿವುಡ್ಡಿನ ಯೂನಿವರ್ಸಲ್ ಸ್ಟುಡಿಯೋಸ್ ಆವರಣದ ಬೆಂಕಿಯಲ್ಲಿ ಎಷ್ಟೋ ಮೂಲ ಟೇಪುಗಳು ಬೂದಿಯಾದುವು. ಟೇಪು ಹೋದ ಮೇಲೆ ಪ್ಲೇಟೊಂದೇ ಸಾಕ್ಷಿ.

ಆ ಸಾಕ್ಷಿಯ ಹೇಳಿಕೆಯನ್ನು ಅಂಕಿಗಳಲ್ಲಿ ಬರೆದುಕೊಳ್ಳುವುದೇ ಡಿಜಿಟಲೀಕರಣ. ಪ್ಲೇಟನ್ನು ತೊಳೆದು, ತಕ್ಕ ಮುಳ್ಳನ್ನು ಇಟ್ಟು, ನಿಮಿಷಕ್ಕೆ 45 ಸುತ್ತಿನಂತೆ ತಿರುಗಿಸಬೇಕು. ಪ್ಲೇಟು ಕೊರೆಯುವಾಗ ಮಂದ್ರದ ಸದ್ದನ್ನು ತಗ್ಗಿಸಿ ತಾರದ್ದನ್ನು ಏರಿಸಿರುತ್ತಾರೆ. ಇಲ್ಲವಾದರೆ ಗೆರೆಗಳು ಓಲಾಡಿ ಒಂದನ್ನೊಂದು ತಾಕಿಯಾವು. ಇದಕ್ಕೆ 1954ರಲ್ಲಿ ಅಮೆರಿಕದಲ್ಲಿ ಒಂದು ಪ್ರಮಾಣ ಗೊತ್ತಾಯಿತು. ನುಡಿಸುವಾಗ ಅದನ್ನು ತಿರುವುಮುರುವು ಮಾಡಬೇಕು. ಬಳಿಕ ಯಂತ್ರ ಆ ಸದ್ದನ್ನು ಸೆಕೆಂಡಿಗೆ 48,000 ಸಲವಾದರೂ ಅಳೆದು ಬರೆದಿಡಬೇಕೆಂಬುದು ಧ್ವನಿಭಂಡಾರಗಳವರ ಸಲಹೆ.

ಇಲ್ಲಿಯವರೆಗಿನದು ಲಿಪಿಕಾರನ ಕೆಲಸ. ಸಂಪಾದಕನ ಕಷ್ಟ ಇನ್ನು ಮುಂದೆ. ಪ್ಲೇಟಿನಲ್ಲಿ ಕೇಳಿಬರುವ ಕರಕರ ಸದ್ದು ಎರಡು ಬಗೆಯದು. ಧೂಳು, ಗೀರುಗಳ ಸದ್ದು ಕಾಲ ಸೇರಿಸಿದ ಪ್ರಕ್ಷೇಪ. ಮೂಲ ಟೇಪಿನ ಸುಯ್ಲು ಕೃತಿಯೊಡನೆಯೇ ಹುಟ್ಟಿದ್ದು. ಸಿಂಥಸೈಸರ್ ಸಂಗೀತದಲ್ಲಂತೂ ಗದ್ದಲವೇ ವಾದ್ಯ. ಮಿಲ್ಲರನಲ್ಲಿ ಮದ್ದಳೆಯಿರಲಿಲ್ಲ, ತಾಳದ ಪೆಟ್ಟನ್ನೂ ಆ ವಾದ್ಯದಿಂದಲೇ ಹೊರಡಿಸಿದ. ಚುರುಕಾಗಿ ಎದ್ದು ತಟ್ಟನೆ ಅಡಗುವ ಅಂಥ ಪೆಟ್ಟಿಗೂ ಗೀರಿನ ಸದ್ದಿಗೂ ಇರುವ ಭೇದ ಶುದ್ಧೀಕರಣದ ಯಂತ್ರಕ್ಕೆ ಸುಲಭವಾಗಿ ತಿಳಿಯದು. ಧಾರಾಳವಾಗಿ ಕೈಯಾಡಿಸಿದರೆ ಧೂಳಿನೊಡನೆ ತಾಳವೂ ಸವೆಯುತ್ತದೆ. ಕೇಳುವವನಿಗೆ ಸೊಗಸೆನಿಸುತ್ತದೆ, ಏನು ಹೋಯಿತೆಂಬುದು ಅವನಿಗೆ ತಿಳಿಯುವುದೇ ಇಲ್ಲ.

ಹಳಗನ್ನಡ ಕಾವ್ಯವನ್ನು ಪಾಠ ಹೇಳುವ ನನಗೆ ಈ ಅಪಾಯ ಹೊಸದಲ್ಲ. ಅರ್ಥವಾಗದ ಶಬ್ದವನ್ನು ಅಪಪಾಠವೆಂದು ಬಗೆದು ತಿಳಿಯಾದ ಮಾತೊಂದನ್ನು ಇಟ್ಟುಬಿಡುವ ಲಿಪಿಕಾರ, ಕವಿಗೆ ಹುಳುವಿಗಿಂತ ದೊಡ್ಡ ಶತ್ರು. ಹುಳು ತಿಂದ ಜಾಗ ಕಣ್ಣಿಗೆ ಕಾಣುತ್ತದೆ. ಅವನು ತಿದ್ದಿದ ಜಾಗ ಕಾಣದು. ಅದಕ್ಕೇ ಒಳ್ಳೆಯ ಸಂಪಾದಕ ತಾನು ಬಿಟ್ಟ ಪಾಠವನ್ನೂ ಅಡಿಟಿಪ್ಪಣಿಯಲ್ಲಿ ಕೊಡುತ್ತಾನೆ. ಪ್ಲೇಟಿಗೂ ಇದೇ ನ್ಯಾಯ ಸಲ್ಲಬೇಕು. ಮುಳ್ಳು ಓದಿದ್ದನ್ನು ಒಂದಿಷ್ಟೂ ತಿದ್ದದೆ ಒಂದು ಪ್ರತಿ ಇಡಲಿ; ಶುದ್ಧಮಾಡಿದ್ದನ್ನು ಬೇರೆಯಾಗಿ, ಮಾಡಿದ ತಿದ್ದುಪಡಿಗಳ ವಿವರದೊಡನೆ ಇಡಲಿ. ಮುಂದೆ ನಮಗಿಂತ ಸೂಕ್ಷ್ಮವಾದ ಕಿವಿಯುಳ್ಳವರು ಬಂದಾಗ ಅವರಿಗೆ ಮೊದಲಿನ ಪ್ರತಿಯೇ ಬೇಕಾದೀತು.