ಡೇಟಾ ಲಾರ್ಡ್ಸ್: ವೈಟ್‌ಫೀಲ್ಡ್‌ನವರು ಕೇಳಬೇಕಾದ ಜಾಝ್

ಬಿಗ್ ಬ್ಯಾಂಡ್ ಅಂದರೆ ಹದಿನೇಳು-ಹದಿನೆಂಟು ವಾದಕರ ಜಾಝ್ ತಂಡ. ಸ್ಯಾಕ್ಸೊಫೋನ್, ಟ್ರಂಪೆಟ್, ಟ್ರೊಂಬೋನ್ ಸಾಲುಗಳು, ಜೊತೆಗೆ ಪಿಯಾನೋ, ಬಾಸ್, ಡ್ರಮ್ಸ್. 1930ರ ದಶಕದ ಅಮೆರಿಕದಲ್ಲಿ ಜನ ಇದಕ್ಕೆ ಕುಣಿಯುತ್ತಿದ್ದರು. ಈಗಿನದು ಹೆಚ್ಚಾಗಿ ಕೂತು ಕೇಳುವ ಸಂಗೀತ. ಅದರಲ್ಲಿ ನಮ್ಮ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗೆ ನೇರವಾಗಿ ತಾಗುವುದು ಅಮೆರಿಕದ ಮರಿಯಾ ಶ್ನೈಡರ್ ಅವರ ‘ಡೇಟಾ ಲಾರ್ಡ್ಸ್’ (2020).

ಎರಡು ಡಿಸ್ಕ್‌ಗಳ ಆಲ್ಬಮ್ ಇದು. ಒಂದರಲ್ಲಿ ಡಿಜಿಟಲ್ ಲೋಕ, ಇನ್ನೊಂದರಲ್ಲಿ ಪ್ರಕೃತಿ. ಗೂಗಲ್‌ನ ಹಳೆಯ ಘೋಷವಾಕ್ಯವನ್ನೇ ಅಣಕಿಸುವ ‘ಡೋಂಟ್ ಬಿ ಈವಿಲ್’ ಮೊದಲನೆಯದರಲ್ಲಿದೆ. ಅದೇ ಗೂಗಲ್ 2025ರಲ್ಲಿ ಮಹದೇವಪುರದಲ್ಲಿ ‘ಅನಂತ’ ಕ್ಯಾಂಪಸ್ ತೆರೆಯಿತು. ಆ ಕಡೆಯ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ಇದನ್ನು ಕೇಳುವ ಮಜಾನೇ ಬೇರೆ. ಇನ್ನೊಂದು ರಚನೆಯಲ್ಲಿ ಮೋರ್ಸ್ ಕೋಡ್ ಲಯವಾಗಿ ಬರುತ್ತದೆ. ಎಂಜಿನಿಯರಿಂಗ್ ಓದಿದ ನನ್ನಂಥವರ ಕಿವಿ ನೆಟ್ಟಗಾಗೋದು ಅಲ್ಲೇ.

ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಇದರ ಹಣದ ಲೆಕ್ಕ. ಹದಿನೆಂಟು ಜನರಿಗೆ ಸಂಭಾವನೆ ಕೊಟ್ಟು, ಸ್ಟುಡಿಯೋ ಬಾಡಿಗೆ ಕಟ್ಟಿ ಮಾಡಿದ್ದನ್ನು ಸ್ಟ್ರೀಮಿಂಗ್‌ನ ಚಿಲ್ಲರೆ ಕಾಸಿಗೆ ಬಿಟ್ಟರೆ ಉಳಿಯೋದೇನು? ಶ್ನೈಡರ್ ‘ಆರ್ಟಿಸ್ಟ್‌ಶೇರ್’ ಮೂಲಕ ಕೇಳುಗರಿಂದಲೇ ಮುಂಗಡ ಹಣ ಕೂಡಿಸಿ ರೆಕಾರ್ಡ್ ಮಾಡುತ್ತಾರೆ. ಹಾಗೆ ತಯಾರಾದ ‘ಕನ್ಸರ್ಟ್ ಇನ್ ದ ಗಾರ್ಡನ್’ ಅಂಗಡಿಗೇ ಹೋಗದೆ, ಇಂಟರ್ನೆಟ್‌ನಲ್ಲಷ್ಟೇ ಮಾರಾಟವಾಗಿ 2005ರಲ್ಲಿ ಗ್ರ್ಯಾಮಿ ಗೆದ್ದಿತು. ‘ಡೇಟಾ ಲಾರ್ಡ್ಸ್’ಗೆ 2021ರಲ್ಲಿ ಎರಡು ಗ್ರ್ಯಾಮಿ ಬಂದವು. ಹಾಗಾಗಿ ಆಕೆ ತಂತ್ರಜ್ಞಾನದ ವಿರೋಧಿ ಅನ್ನೋದು ಸುಳ್ಳು. ತಕರಾರು ಇರುವುದು ಒಡೆತನದ ಬಗ್ಗೆ: ದುಡಿದವರದ್ದೋ, ಪ್ಲಾಟ್‌ಫಾರ್ಮ್‌ನದ್ದೋ?

ಸ್ಟ್ರೀಮಿಂಗ್ ಆ್ಯಪ್‌ಗಳಲ್ಲಿ ಹುಡುಕಬೇಡಿ, ಅಲ್ಲಿಗೆ ಆಕೆ ಇದನ್ನು ಬಿಟ್ಟಿಲ್ಲ. ಆರ್ಟಿಸ್ಟ್‌ಶೇರ್‌ನಲ್ಲಿ ದುಡ್ಡು ಕೊಟ್ಟೇ ಕೊಳ್ಳಬೇಕು.